ದೊರೆಯ ನೆರಳಿನಲ್ಲಿ ಮರೆಯಾದ ವಾಗ್ಗೇಯಕಾರ

1947ರ ಜುಲೈ 26ರಂದು ಶಿವಾಜಿನಗರ ಮೈಸೂರಿಗೆ ಸೇರಿತು. ಹೀಗೆಂದರೆ ಇವತ್ತಿನ ಹುಡುಗರು ನಗುತ್ತಾರೆ. ಬೆಂಗಳೂರಿನ ಹೊಟ್ಟೆಯೊಳಗೇ ಇರುವ ಶಿವಾಜಿನಗರ ಅದಕ್ಕೆ ಮೊದಲು ಇನ್ನೆಲ್ಲಿತ್ತು? ಇದ್ದದ್ದು ಇಲ್ಲೇ, ಆಳುವವರು ಮಾತ್ರ ಬೇರೆ. 1809ರಲ್ಲಿ ಬ್ರಿಟಿಷ್ ಸೇನೆ ಬೀಡುಬಿಟ್ಟ ದಂಡು ಪ್ರದೇಶವನ್ನು, 1881ರಲ್ಲಿ ಮೈಸೂರಿನ ಅಧಿಕಾರ ಒಡೆಯರಿಗೆ ಮರಳಿದಾಗಲೂ ಇಂಗ್ಲಿಷರು ಬಿಟ್ಟುಕೊಡಲಿಲ್ಲ. ಕಬ್ಬನ್ ಪಾರ್ಕಿನ ಆ ಕಡೆ ಪೇಟೆ, ಈ ಕಡೆ ದಂಡು. ಅಲ್ಲಿ ದಿವಾನರ ದರ್ಬಾರು, ಇಲ್ಲಿ ರೆಸಿಡೆಂಟ್ ಸಾಹೇಬರ ಕಾನೂನು. ಸ್ವಾತಂತ್ರ್ಯಕ್ಕೆ ಇನ್ನು 20 ದಿನ ಇದೆ ಎನ್ನುವಾಗ ಹಲಸೂರು, ಶಿವಾಜಿನಗರಗಳ ಸಮೇತ ಇಡೀ ದಂಡು ಸಂಸ್ಥಾನದ ಕೈಗೆ ಬಂತು. ಎರಡು ಮುನಿಸಿಪಾಲಿಟಿಗಳು ಕೂಡಿ ಒಂದು ಕಾರ್ಪೊರೇಷನ್ ಆಗಲು ಮತ್ತೆ 2 ವರ್ಷ ಬೇಕಾಯಿತು.

ದಂಡನ್ನು ಮರಳಿ ಪಡೆದ ದೊರೆ ಜಯಚಾಮರಾಜ ಒಡೆಯರ್. ಎಂಟು ದಿನದ ಹಿಂದಷ್ಟೇ ಅವರಿಗೆ 28 ತುಂಬಿತ್ತು. ಒಂದು ಕಡೆ ಒಕ್ಕೂಟಕ್ಕೆ ಸೇರುವ ಮಾತುಕತೆ, ಇನ್ನೊಂದು ಕಡೆ ಜವಾಬ್ದಾರಿ ಸರ್ಕಾರಕ್ಕಾಗಿ ಬೀದಿಗಿಳಿಯುತ್ತಿದ್ದ ಪ್ರಜೆಗಳು. ಅದೇ ಕಾಲದಲ್ಲಿ ಈ ಮನುಷ್ಯ ಸಂಸ್ಕೃತದಲ್ಲಿ ಒಂದರ ಹಿಂದೊಂದು ಕೃತಿ ರಚಿಸುತ್ತಿದ್ದರು. ಲಂಡನ್ನಿನಲ್ಲಿ ಮುಪ್ಪು, ಕಾಯಿಲೆ, ಬಡತನದಲ್ಲಿ ದಿನ ದೂಡುತ್ತಿದ್ದ ರಷ್ಯಾದ ಸಂಗೀತ ರಚನಕಾರನೊಬ್ಬನ ಕೈಹಿಡಿದದ್ದೂ ಆ ವರ್ಷಗಳಲ್ಲೇ. ರಾಜಕೀಯದ ಕಥೆ ಪಠ್ಯಪುಸ್ತಕದಲ್ಲಿದೆ, ರಷ್ಯಾದವನ ಕಥೆಯನ್ನು ಪಾಶ್ಚಾತ್ಯ ಸಂಗೀತದ ಚರಿತ್ರಕಾರರು ಬರೆದಿಟ್ಟಿದ್ದಾರೆ. ನಮ್ಮ ಮನೆಯದೇ ಆದ ಕೃತಿಗಳ ಕಥೆಯಷ್ಟೇ ಅರೆಬರೆಯಾಗಿ ಉಳಿದಿದೆ. ಒಡೆಯರ್ ಎಂದರೆ ನಮಗೆ ದಸರಾ ಅಂಬಾರಿ, ಹೆಚ್ಚೆಂದರೆ ಕಲಾಪೋಷಕ. ಅವರು ಸ್ವತಃ ವಾಗ್ಗೇಯಕಾರರು, ಅದೂ 20ನೇ ಶತಮಾನದ ಕರ್ನಾಟಕದಿಂದ ಬಂದ ಗಟ್ಟಿ ವಾಗ್ಗೇಯಕಾರರಲ್ಲಿ ಒಬ್ಬರು ಎಂಬುದು ಸಂಗೀತ ಸಭೆಗಳಿಗೆ ಹೋಗುವವರಲ್ಲೂ ಎಷ್ಟೋ ಜನಕ್ಕೆ ಹೊಸ ಸುದ್ದಿ.

ಹುಟ್ಟಿದ್ದು 1919ರ ಜುಲೈ 18. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್. ಆ ಕಾಲದ ಮೈಸೂರು ಅರಮನೆಯಲ್ಲಿ ಬೆಳೆಯುವ ಮಗುವಿನ ಕಿವಿಗೆ ಏನೇನು ಬೀಳುತ್ತಿತ್ತು ಎಂದು ನೆನೆದರೆ ಹೊಟ್ಟೆಕಿಚ್ಚಾಗುತ್ತದೆ. ಮೈಸೂರು ವಾಸುದೇವಾಚಾರ್ಯರು, ಮುತ್ತಯ್ಯ ಭಾಗವತರು, ವೀಣೆ ವೆಂಕಟಗಿರಿಯಪ್ಪ, ಪಿಟೀಲು ಚೌಡಯ್ಯ, ಇವರೆಲ್ಲ ಆಸ್ಥಾನ ವಿದ್ವಾಂಸರು. ಪಕ್ಕದಲ್ಲೇ ಅರಮನೆಯ ಬ್ಯಾಂಡು, ಅದರ ಜೊತೆಗೆ ಪಾಶ್ಚಾತ್ಯ ವಾದ್ಯವೃಂದ. ಹುಡುಗ ಪಿಯಾನೋಗೆ ಒಲಿದ. ಮೈಸೂರಿನ ಗುಡ್ ಶೆಫರ್ಡ್ ಕಾನ್ವೆಂಟಿನ ಸನ್ಯಾಸಿನಿಯೊಬ್ಬರ ಬಳಿ ಶುರುವಾದ ಪಾಠ ಹವ್ಯಾಸಕ್ಕೆ ನಿಲ್ಲಲಿಲ್ಲ. ವೇದಿಕೆ ಹತ್ತುವ ಪಿಯಾನೋ ವಾದಕನಾಗಬೇಕು ಎಂಬ ಆಸೆ ಬೇರೂರಿತು. ಅಷ್ಟರಲ್ಲಿ ತಂದೆ ಅಕಾಲದಲ್ಲಿ ತೀರಿಕೊಂಡರು. ಅದರ ಬೆನ್ನಿಗೇ, 1940ರ ಆಗಸ್ಟ್ 3ರಂದು, ನಾಲ್ವಡಿಯವರೂ ಹೋದರು. 21 ವರ್ಷದ ಹುಡುಗನ ಪಾಲಿಗೆ ಸಿಂಹಾಸನ ಬಂತು, ಪಿಯಾನೋ ವೇದಿಕೆ ತಪ್ಪಿತು. ಹಾಗೆಂದು ಅಭ್ಯಾಸ ಬಿಡಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಆದರು, ಟ್ರಿನಿಟಿ ಸಂಗೀತ ಕಾಲೇಜು ಗೌರವ ಫೆಲೋ ಎಂದು ಕರೆಯಿತು. ದಂಡಿನ ಕಡೆಯ ಮಕ್ಕಳು ಇವತ್ತಿಗೂ ಬೆನ್ನಿಗೆ ಚೀಲ ಹಾಕಿಕೊಂಡು ಟ್ರಿನಿಟಿ ಗ್ರೇಡ್ ಪರೀಕ್ಷೆಗೆ ಓಡುತ್ತಾರಲ್ಲ, ಅದೇ ಟ್ರಿನಿಟಿ.

ಮೊದಲು ಲಂಡನ್ನಿನ ಕಥೆ ಮುಗಿಸಿಬಿಡೋಣ. ಆಮೇಲೆ ಕೃತಿಗಳ ಬಳಿ ನಿಧಾನವಾಗಿ ಕೂರಬಹುದು.

ಆ ರಷ್ಯನ್ನನ ಹೆಸರು ನಿಕೊಲಾಯ್ ಮೆಟ್ನರ್. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, ಕ್ರಾಂತಿಯ ನಂತರ 1921ರಲ್ಲಿ ದೇಶ ಬಿಟ್ಟು, ಅಲೆದಾಡಿ ಕೊನೆಗೆ ಲಂಡನ್ ಸೇರಿದವನು. ರಾಖ್ಮನಿನೋವ್‌ನ ಗೆಳೆಯ. ಯುರೋಪಿನ ಸಂಗೀತ ಹಳೆಯ ಸ್ವರವ್ಯವಸ್ಥೆಯನ್ನೇ ಒಡೆದು ಹೊಸ ಪ್ರಯೋಗಕ್ಕೆ ಹಾರುತ್ತಿದ್ದಾಗ ಈತ ಅದಕ್ಕೆ ಬೆನ್ನು ತಿರುಗಿಸಿ ಕೂತ. ಸಂಗೀತಕ್ಕೆ ಬದಲಾಗದ ನಿಯಮಗಳಿವೆ, ಫ್ಯಾಷನ್ನಿಗೆ ಬಿದ್ದು ಅವನ್ನು ಮುರಿದರೆ ಉಳಿಯುವುದು ಸದ್ದು ಮಾತ್ರ ಎಂದು ವಾದಿಸಿ 1935ರಲ್ಲಿ ಒಂದು ಪುಸ್ತಕವನ್ನೇ ಬರೆದ. ಪರಿಣಾಮ ಊಹಿಸಬಹುದು: ಹೊಸಬರಿಗೆ ಹಳಸಲು, ಹಳಬರಿಗೆ ಅಪರಿಚಿತ. ಯುದ್ಧದಿಂದ ಜರ್ಮನ್ ಪ್ರಕಾಶಕರ ಆದಾಯವೂ ನಿಂತಿತು. ಆಗ ಮೈಸೂರಿನಿಂದ ಸಹಾಯ ಬಂತು. ಮಹಾರಾಜರ ಹಣದಿಂದ ಮೆಟ್ನರ್ ಸೊಸೈಟಿ ಹುಟ್ಟಿ, ಎಚ್‌ಎಂವಿ ಕಂಪನಿ ಅವನ ಮೂರು ಪಿಯಾನೋ ಕನ್ಚರ್ಟೊಗಳನ್ನೂ ಹಲವು ಪಿಯಾನೋ ರಚನೆ, ಹಾಡುಗಳನ್ನೂ ಅವನದೇ ಬೆರಳುಗಳಿಂದ ಧ್ವನಿಮುದ್ರಿಸಿತು. 1951ರ ನವೆಂಬರಿನಲ್ಲಿ ಮೆಟ್ನರ್ ತೀರಿಕೊಂಡ. ನಾಲ್ಕೇ ವರ್ಷ ತಡವಾಗಿದ್ದರೆ ಆ ಕೈಯ ಗುರುತು ನಮಗೆ ಇಷ್ಟೆಲ್ಲ ಉಳಿಯುತ್ತಿರಲಿಲ್ಲ. ಅವನ ಮೂರನೆಯ ಕನ್ಚರ್ಟೊ ಮೈಸೂರಿನ ಮಹಾರಾಜರಿಗೆ ಅರ್ಪಣೆ.

ಈ ಧ್ವನಿಮುದ್ರಣಗಳ ಹಿಂದಿದ್ದ ವಾಲ್ಟರ್ ಲೆಗ್ ಎಂಬ ನಿರ್ಮಾಪಕ ಮೈಸೂರಿಗೂ ಬಂದುಹೋದ. ಅರಮನೆಯಲ್ಲಿ ಕಂಡ ರೆಕಾರ್ಡುಗಳ ಭಂಡಾರ, ಬಗೆಬಗೆಯ ಲೌಡ್‌ಸ್ಪೀಕರುಗಳು, ಹಲವು ಗ್ರ್ಯಾಂಡ್ ಪಿಯಾನೋಗಳು ಆತನನ್ನು ದಂಗುಬಡಿಸಿದವು. ಲೆಗ್ 1945ರಲ್ಲಿ ಕಟ್ಟಿದ್ದ ಫಿಲ್ಹಾರ್ಮೋನಿಯ ವಾದ್ಯವೃಂದ ಆಗಿನ್ನೂ ಅಂಬೆಗಾಲಿಡುತ್ತಿತ್ತು. ವರ್ಷಕ್ಕೆ 10,000 ಪೌಂಡಿನಂತೆ 3 ವರ್ಷ ಕೊಡಲು ಮಹಾರಾಜರು ಒಪ್ಪಿದರೆಂದು ಆತನೇ ಬರೆದಿದ್ದಾನೆ. ಅಂದಿನ ವಿನಿಮಯ ದರದಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ 33 ಸಾವಿರ ರೂಪಾಯಿ. 1948ರಲ್ಲಿ ಫಿಲ್ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿ ಅವರನ್ನೇ ಆರಿಸಿದರು. ಕಾರಾಯನ್ ನಿರ್ದೇಶನದಲ್ಲಿ ಬಲಾಕಿರೆವ್‌ನ ಮೊದಲ ಸಿಂಫನಿ, ರೂಸೆಲ್‌ನ ನಾಲ್ಕನೆಯದು ರೆಕಾರ್ಡ್ ಆದದ್ದು ಈ ಹಣದ ಬೆಂಬಲದಿಂದಲೇ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳ ಮೊಟ್ಟಮೊದಲ ಪ್ರಯೋಗ ನಡೆಯಿತು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶನ ಫುರ್ಟ್‌ವೆಂಗ್ಲರ್. ಅದಕ್ಕೆ ಜಾಮೀನು ನಿಂತದ್ದು ಮೈಸೂರಿನ ದೊರೆ. ಸ್ವತಃ ಹೋಗಲಾಗಲಿಲ್ಲ, ಅಂದಿನ ಧ್ವನಿಮುದ್ರಣ ಹಡಗೇರಿ ಮೈಸೂರಿಗೆ ಬಂತು.

ಬರಗಾಲ, ರೇಷನ್ನಿನ ದಿನಗಳಲ್ಲಿ ಲಂಡನ್ನಿಗೆ ಹಣ ಸುರಿದದ್ದು ಸರಿಯೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಸಂಗೀತದೊಳಗಿಲ್ಲ, ಹಾಗಾಗಿ ಇಲ್ಲಿ ಕೈ ಹಾಕುವುದಿಲ್ಲ. ನನ್ನ ಕುತೂಹಲ ಬೇರೆ. ಲೋಕದ ಸಂಗೀತವೆಲ್ಲ ಕಪಾಟಿನಲ್ಲಿದ್ದ ಈ ಕೇಳುಗ, ಕಾಲದ ಜೊತೆ ಓಡುತ್ತಿದ್ದ ದೊಡ್ಡ ಹೆಸರುಗಳನ್ನು ಬಿಟ್ಟು ಮೆಟ್ನರ್‌ನನ್ನೇ ಏಕೆ ಆರಿಸಿಕೊಂಡರು? ಅವರ ಕೃತಿಗಳನ್ನು ಬಿಡಿಸುವ ಕೀಲಿಕೈ ಈ ಆಯ್ಕೆಯಲ್ಲಿದೆ ಎಂಬುದು ನನ್ನ ನಂಬಿಕೆ.

ಕೃತಿಗಳಿಗೆ ಬರೋಣ. ಒಡೆಯರ್ ರಚಿಸಿದ್ದು 94 ಕೃತಿ. ಎಲ್ಲವೂ ಬೇರೆ ಬೇರೆ ರಾಗದಲ್ಲಿ, ಒಂದು ರಾಗವನ್ನು ಎರಡನೇ ಸಲ ಮುಟ್ಟಿಲ್ಲ. ಕೆಲವಂತೂ ಅಲ್ಲಿಯವರೆಗೆ ಕೃತಿಯನ್ನೇ ಕಾಣದ ರಾಗಗಳು. ಭಾಷೆ ಸಂಸ್ಕೃತ, ಅಂಕಿತ ‘ಶ್ರೀವಿದ್ಯಾ’. 108 ಮುಗಿಸುವ ಸಂಕಲ್ಪವಿತ್ತು ಎನ್ನುತ್ತಾರೆ. ನಾಲ್ವಡಿಯವರ ಕಾಲದಲ್ಲಿ ಮುತ್ತಯ್ಯ ಭಾಗವತರು ಚಾಮುಂಡೇಶ್ವರಿಯ ಅಷ್ಟೋತ್ತರದ ಮೇಲೆ ಕನ್ನಡದಲ್ಲೇ 108 ಕೃತಿ ಮಾಡಿದ್ದರಲ್ಲ, ಅರಮನೆಯಲ್ಲಿ ಆ ಸಂಖ್ಯೆಗೆ ಹಾಗೊಂದು ಮೇಲ್ಪಂಕ್ತಿಯೂ ಇತ್ತು. ತಮಿಳಿನ ಭಾಗವತರು ಕನ್ನಡದಲ್ಲಿ ರಾಗ ಹಾಕಿದರು, ಕನ್ನಡದ ದೊರೆ ಸಂಸ್ಕೃತಕ್ಕೆ ಹೋದರು! ಕನ್ನಡಿಗನಾಗಿ ಒಂದು ಸಣ್ಣ ಮುನಿಸು ನನಗೆ ಇದ್ದೇ ಇದೆ. ಆದರೆ ಒಡೆಯರ್ ಹೇಳಹೊರಟಿದ್ದ ವಿಷಯ ನೋಡಿದರೆ ಸಂಸ್ಕೃತ ಬಿಟ್ಟು ಬೇರೆ ದಾರಿಯೂ ಇರಲಿಲ್ಲ.

ವಿಷಯ ಶ್ರೀವಿದ್ಯೆ. ದೇವಿಯನ್ನು ಶ್ರೀಚಕ್ರದಲ್ಲಿ, ಮಂತ್ರಾಕ್ಷರಗಳಲ್ಲಿ ಉಪಾಸಿಸುವ ಶಾಕ್ತ ಪಂಥ. ಒಡೆಯರಿಗೆ ಇದರ ದೀಕ್ಷೆ ಕೊಟ್ಟವರು ಮೈಸೂರಿನ ಶಿಲ್ಪಿ ಸಿದ್ಧಲಿಂಗಸ್ವಾಮಿಗಳು. ಕಲ್ಲು ಕಡೆಯುವ ಗುರು, ಕಿರೀಟ ಹೊತ್ತ ಶಿಷ್ಯ. ದೀಕ್ಷಾನಾಮ ಚಿತ್ಪ್ರಭಾನಂದ. ಮೈಸೂರು ಕೋಟೆಯೊಳಗಿನ ಭುವನೇಶ್ವರಿ, ಗಾಯತ್ರಿ ಗುಡಿಗಳು ಮತ್ತು ರಾಮಾನುಜ ರಸ್ತೆಯ ಕಾಮಕಾಮೇಶ್ವರಿ ಗುಡಿ ಈ ಗುರುಶಿಷ್ಯರ ಕೆಲಸವೇ. ಮೈಸೂರಿಗೆ ಹೋದಾಗ ಆ ಗುಡಿಗಳಿಗೊಮ್ಮೆ ಹೋಗಿಬಂದರೆ ಕೃತಿಗಳ ಸ್ವಭಾವ ಅರ್ಧ ತಿಳಿಯುತ್ತದೆ. ಅಳತೆ ಕರಾರುವಾಕ್ಕು, ಶಾಸ್ತ್ರದ ಗೆರೆ ದಾಟಿದ ಒಂದು ಉಳಿ ಏಟೂ ಇಲ್ಲ. ಹಳೆಯ ಶೈಲಿಯಲ್ಲೇ ಕಟ್ಟಿದ್ದು, ಕಟ್ಟಿದ್ದು ಮಾತ್ರ ನಮ್ಮ ಅಜ್ಜಂದಿರ ಕಾಲದಲ್ಲಿ.

ಸಂಗೀತದ ಗುರು ವಾಸುದೇವಾಚಾರ್ಯರು. ಇಲ್ಲೊಂದು ಸೋಜಿಗವಿದೆ. ಆಚಾರ್ಯರು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಶಿಷ್ಯರು, ಅಂದರೆ ನೇರ ತ್ಯಾಗರಾಜರ ಪರಂಪರೆ. ಅವರ ಕೃತಿಗಳು ಸರಾಗವಾಗಿ ಹರಿಯುತ್ತವೆ. ಭಕ್ತ ದೇವರ ಜೊತೆ ಮಾತಿಗಿಳಿಯುತ್ತಾನೆ, ಗೋಗರೆಯುತ್ತಾನೆ, ಹುಸಿಕೋಪ ತೋರುತ್ತಾನೆ. ಶಿಷ್ಯ ಹಿಡಿದದ್ದು ಪೂರಾ ಬೇರೆ ಹಾದಿ, ಮುತ್ತುಸ್ವಾಮಿ ದೀಕ್ಷಿತರದ್ದು. ದೀಕ್ಷಿತರ ಮಾದರಿಯಲ್ಲಿ ಭಕ್ತನ ಗೋಳು ಕೇಳುವುದಿಲ್ಲ. ದೇವತೆಯ ರೂಪ, ಪೀಠ, ಆವರಣ, ಆಯುಧ, ಬೀಜಾಕ್ಷರ ಒಂದೊಂದಾಗಿ ಕಣ್ಣ ಮುಂದೆ ನಿಲ್ಲುತ್ತವೆ. ಉದ್ದುದ್ದ ಸಮಾಸಗಳು, ನಡೆ ವಿಳಂಬ. ಚರಣದ ಕೊನೆಗೆ ಸಾಹಿತ್ಯ ಇದ್ದಕ್ಕಿದ್ದಂತೆ ಇಮ್ಮಡಿ ವೇಗಕ್ಕೆ ಜಿಗಿಯುವ ಮಧ್ಯಮಕಾಲ. ರಾಗದ ಹೆಸರನ್ನೇ ಸಾಹಿತ್ಯದೊಳಗೆ ಅರ್ಥ ಕೆಡದಂತೆ ಹೊಸೆಯುವ ಚಮತ್ಕಾರ. ಒಡೆಯರಲ್ಲಿ ಇವೆಲ್ಲ ಸಿಗುತ್ತವೆ. ದೀಕ್ಷಿತರೂ ಶ್ರೀವಿದ್ಯೋಪಾಸಕರೇ ಆದ್ದರಿಂದ ಈ ನಂಟು ಸಹಜ. ಆದರೂ 80 ದಾಟಿದ ಗುರು ತನ್ನ ದಾರಿಗೆ ಶಿಷ್ಯನನ್ನು ಎಳೆಯದೆ, ಅವನು ಆರಿಸಿಕೊಂಡ ದಾರಿಯಲ್ಲೇ ಕೈಹಿಡಿದು ನಡೆಸಿದ ದೊಡ್ಡತನ ಗಮನಿಸಬೇಕು. ಶಿಷ್ಯ ದೊರೆಯಾಗಿದ್ದ, ಗುರು ಸಂಬಳದ ಆಸ್ಥಾನ ವಿದ್ವಾನ್, ಬೇರೇನು ಮಾಡಿಯಾರು ಎಂದು ಮೂಗು ಮುರಿಯುವವರೂ ಇರಬಹುದು. ಕೃತಿಗಳ ಕಟ್ಟಡ ನೋಡಿದರೆ ಮುಲಾಜಿಗೆ ಪಾಸು ಮಾಡಿದ ಕೆಲಸದಂತೆ ಕಾಣುವುದಿಲ್ಲ.

ಒಂದು ಕೃತಿಯನ್ನು ಹತ್ತಿರದಿಂದ ನೋಡೋಣ. ಒಡೆಯರ ರಚನೆಗಳಲ್ಲಿ ಹೆಚ್ಚು ಹಾಡಿಕೆಯಲ್ಲಿರುವುದು ಗಂಭೀರನಾಟ ರಾಗದ ‘ಶ್ರೀ ಜಾಲಂಧರ’. ಜಾಲಂಧರ ಎಂದರೆ ಶಾಕ್ತರ ಮುಖ್ಯ ಪೀಠಗಳಲ್ಲೊಂದು. ಗಂಭೀರನಾಟದಲ್ಲಿ ಇರುವುದು ಐದೇ ಸ್ವರ: ಷಡ್ಜ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕಾಕಲಿ ನಿಷಾದ. ರಿಷಭವಿಲ್ಲ, ಧೈವತವಿಲ್ಲ. ಷಡ್ಜದಿಂದ ಒಂದೇ ನೆಗೆತಕ್ಕೆ ಗಾಂಧಾರ, ಅದರ ಮಗ್ಗುಲಲ್ಲೇ ಮಧ್ಯಮ. ಪಂಚಮದಿಂದ ಮತ್ತೊಂದು ನೆಗೆತಕ್ಕೆ ನಿಷಾದ, ಅದಕ್ಕೆ ತಾಗಿದಂತೆ ಮೇಲಿನ ಷಡ್ಜ. ದೊಡ್ಡ ಹಾರು, ಪುಟ್ಟ ಹೆಜ್ಜೆ. ಮತ್ತೆ ದೊಡ್ಡ ಹಾರು, ಪುಟ್ಟ ಹೆಜ್ಜೆ. ಹೀಗಿರುವುದರಿಂದಲೇ ಈ ರಾಗದಲ್ಲಿ ಕೊಸರಾಟಕ್ಕೆ, ಅಳುವಿಗೆ ಜಾಗವಿಲ್ಲ, ಎದೆ ಸೆಟೆದು ನಿಲ್ಲುವುದೇ ಅದರ ಗುಣ. ದೇವರ ಮೆರವಣಿಗೆ ಹೊರಟಾಗ ನಾಗಸ್ವರದಲ್ಲಿ ನುಡಿಸುವ ಮಲ್ಲಾರಿ ಇದೇ ರಾಗ. ಹಲಸೂರಿನ ಸೋಮೇಶ್ವರನ ಉತ್ಸವಕ್ಕೆ ಹೋಗುವವರ ಕಿವಿಗೆ ರಾಗದ ಹೆಸರು ಗೊತ್ತಿಲ್ಲದಿದ್ದರೂ ಅದರ ಗತ್ತು ಗೊತ್ತಿರುತ್ತದೆ.

ಈಗ ಅದೇ ರಾಗವನ್ನು ಪಿಯಾನೋ ಮೇಲಿಡಿ. ಸಿ ಮನೆಯನ್ನು ಷಡ್ಜ ಮಾಡಿಕೊಂಡರೆ ಐದಕ್ಕೆ ಐದೂ ಸ್ವರ ಬಿಳಿ ಮಣೆಗಳ ಮೇಲೇ ಬೀಳುತ್ತವೆ. ಪಿಯಾನೋ ಕಲಿಯುವ ಮಗು ಮೊದಲ ವರ್ಷವೇ ತೀಡುವ ಸ್ವರಗುಚ್ಛದ ಮಗ್ಗುಲಲ್ಲೇ ಈ ರಾಗವಿದೆ. ಇಲ್ಲಿಗೆ ಬಂದ ಕೂಡಲೇ ಬುದ್ಧಿವಂತ ಓದುಗರು ಕುರ್ಚಿಯ ತುದಿಗೆ ಸರಿಯುತ್ತಾರೆ: ಹಾಗಾದರೆ ಒಡೆಯರ ಕರ್ನಾಟಕ ಕೃತಿಯೊಳಗೆ ಪಾಶ್ಚಾತ್ಯ ಸಂಗೀತ ನುಸುಳಿದೆ ಅನ್ನಿ!

ತಡೆಯಿರಿ. ಪಿಯಾನೋ ಮೈಸೂರಿಗೆ ಕಾಲಿಡುವ ಎಷ್ಟೋ ಮೊದಲೇ ಗುಡಿಯ ಬೀದಿಗಳಲ್ಲಿ ಮಲ್ಲಾರಿ ಮೊಳಗುತ್ತಿತ್ತು. ಇನ್ನೊಂದು ಸಾಕ್ಷಿ ಬೇಕೆಂದರೆ ಅವರ ‘ಶ್ರೀ ಮಹಾಗಣಪತಿಂ’ ಕೃತಿ ಕೇಳಿ. ರಾಗ ಅಠಾಣ. ಈ ರಾಗದ ಗಾಂಧಾರ, ನಿಷಾದಗಳು ಒಂದು ಕಡೆ ನಿಂತು ಕೊಡುವುದಿಲ್ಲ. ಗಮಕದ ಬೀಸಿನಲ್ಲಿ ಅವು ಎಲ್ಲಿಂದ ಎಲ್ಲಿಗೆ ಹೋಗಿ ಬಂದವು ಎಂಬುದೇ ಅಠಾಣದ ಜೀವ. ಪಿಯಾನೋದಲ್ಲಿ ಅಠಾಣ ನುಡಿಸಲು ಹೊರಟವನು ಎರಡನೇ ಆವರ್ತದಲ್ಲಿ ಕೈಚೆಲ್ಲುತ್ತಾನೆ, ಎರಡು ಮಣೆಗಳ ನಡುವಿನ ಸಂದಿಯಲ್ಲಿ ಇರುವ ಸ್ವರವನ್ನು ಯಾವ ಬೆರಳು ಒತ್ತೀತು? ದುರ್ವಾಂಕಿಯಂಥ ಅಪರೂಪದ ರಾಗವನ್ನು ಕೈಗೆತ್ತಿಕೊಂಡಾಗಲೂ ಅವರು ಗಣಪತಿಯ ಹೆಸರಿನಲ್ಲಿ ಶಾಸ್ತ್ರದ ಮೆಟ್ಟಿಲು ಹಿಡಿದೇ ಹತ್ತುತ್ತಾರೆ. ಮಾಂಡ್ ರಾಗದ ‘ಬ್ರಹ್ಮಾಂಡ ವಲಯೇ’ಯಲ್ಲಿ ಉತ್ತರಾದಿಯ ಜಾನಪದದ ಗಾಳಿ ಸುಳಿಯುತ್ತದೆ ನಿಜ, ಕಚೇರಿಯ ಕೊನೆಗೆ ಹಾಡುವ ಸಣ್ಣ ರಚನೆಗಳಲ್ಲಿ ಅದಕ್ಕೊಂದು ಜಾಗ ಸಿಕ್ಕಿರುವುದೂ ಆ ಹಗುರದಿಂದ. ಅಲ್ಲೂ ನಾಲ್ಕು ಸ್ವರ ಒಟ್ಟಿಗೆ ಮಿಡಿಯುವ ಹಾರ್ಮನಿಯ ಆಸೆ ಅವರಿಗೆ ಹುಟ್ಟಲಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಯಾವ ಅಡ್ಡಿಯೂ ಇರಲಿಲ್ಲ ಅವರಿಗೆ. ಎರಡೂ ಸಂಗೀತದ ವ್ಯಾಕರಣ ಗೊತ್ತು, ಅರಮನೆಯಲ್ಲಿ ಎರಡೂ ಬಗೆಯ ವಾದ್ಯಗಾರರಿದ್ದಾರೆ, ಲಂಡನ್ನಿನ ವಾದ್ಯವೃಂದವೇ ಋಣದಲ್ಲಿದೆ. ಒಂದು ಮಾತು ಹೇಳಿದ್ದರೆ ವೀಣೆಗೂ ಆರ್ಕೆಸ್ಟ್ರಾಗೂ ಕೂಡುವಂಥ ರಚನೆ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊಳಗುತ್ತಿತ್ತು. ಅವರು ಆ ಮಾತು ಹೇಳಲೇ ಇಲ್ಲ. ಬೆಳಗ್ಗೆ ಒಂದು, ಸಂಜೆ ಒಂದು ಎಂಬಂತೆ ಎರಡನ್ನೂ ಪೂರ್ತಿ ಬಾಳಿದರು, ಬೆರೆಸಲಿಲ್ಲ. ಎರಡು ಊರುಗಳ ನಡುವೆ ತೋಟವೊಂದನ್ನು ಇಟ್ಟುಕೊಂಡಿದ್ದ ಅಂದಿನ ಬೆಂಗಳೂರಿನಲ್ಲಿ, ದಂಡು ರೈಲು ನಿಲ್ದಾಣಕ್ಕೂ ಜಯಮಹಲ್ ರಸ್ತೆಗೂ ಅಂಟಿಕೊಂಡ ಅರಮನೆ ಅವರದ್ದು. ಗಡಿಯ ಮೇಲೆ ನಿಂತವರಿಗೆ ಎರಡೂ ಕಡೆಯದು ಚೆನ್ನಾಗಿ ಕಾಣುತ್ತದೆ, ಗಡಿ ಯಾಕಿದೆ ಎಂಬುದೂ ಗೊತ್ತಿರುತ್ತದೆ.

ಇಲ್ಲಿಗೆ ಮೆಟ್ನರ್ ಮತ್ತೆ ಬರುತ್ತಾನೆ. ಅವನೂ ಪ್ರಯೋಗಕ್ಕೆ ಬೆನ್ನು ಮಾಡಿದವನು, ಸಂಗೀತದ ನಿಯಮಗಳು ಮನುಷ್ಯ ಮಾಡಿದ್ದಲ್ಲ ಎಂದು ನಂಬಿದವನು, ಒಂದು ಸಣ್ಣ ಸ್ವರಬೀಜದಿಂದ ಇಡೀ ರಚನೆ ಬೆಳೆಸುವ ಕಸುಬುದಾರ. ಅವನ ಸೊನಾಟಾಗಳು ಮೊದಲ ಸಲಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಹೆಣಿಗೆ ಅಷ್ಟು ಬಿಗಿ. ಶ್ರೀವಿದ್ಯಾ ಅಂಕಿತದ ಕೃತಿಗಳನ್ನು ಕೇಳಿದವರು ಇದೇ ಮಾತನ್ನು ಅವಕ್ಕೂ ಹೇಳುತ್ತಾರೆ. ಒಡೆಯರ ಮೇಲೆ ಪಶ್ಚಿಮದ ಪ್ರಭಾವವನ್ನು ಸ್ವರದಲ್ಲಿ ಹುಡುಕಿದರೆ ಸಿಗುವುದಿಲ್ಲ, ರುಚಿಯಲ್ಲಿ ಹುಡುಕಬೇಕು. ಅಥವಾ ಪ್ರಭಾವ ಎಂಬ ಮಾತನ್ನೇ ಬಿಟ್ಟುಬಿಡಬಹುದು. ಗೋಲ್ಡರ್ಸ್ ಗ್ರೀನಿನ ಬಡ ರಷ್ಯನ್ನನಲ್ಲಿ ಮೈಸೂರಿನ ದೊರೆ ತನ್ನಂಥವನನ್ನೇ ಕಂಡ, ಅಷ್ಟೇ. ಇಬ್ಬರೂ ತಮ್ಮ ಕಾಲದವರು, ಇಬ್ಬರಿಗೂ ಆ ಕಾಲದ ಹುಕಿಗಳ ಬಗ್ಗೆ ತಕರಾರಿತ್ತು.

ಈ ಕೃತಿಗಳೆಲ್ಲ ಒಂದೇ ತೂಕದವಲ್ಲ ಎಂಬುದನ್ನೂ ಹೇಳಬೇಕು. ಒಂದು ರಾಗಕ್ಕೆ ಒಂದೇ ಕೃತಿ ಎಂಬ ವ್ರತ ಹಿಡಿದಾಗ ಕೆಲವು ಅಪರೂಪದ ರಾಗಗಳಲ್ಲಿ ರಚನೆ ಸ್ವರಲಕ್ಷಣದ ಉದಾಹರಣೆಯಾಗಿ ನಿಂತುಬಿಡುತ್ತದೆ, ಹಾಡಾಗಿ ಎದ್ದು ಬರುವುದಿಲ್ಲ. ಸಾಹಿತ್ಯ ಕೆಲವೆಡೆ ಎಷ್ಟು ದಟ್ಟವೆಂದರೆ ಗಾಯಕನಿಗೆ ಉಸಿರೆಳೆಯಲು ತಾವಿಲ್ಲ. ತಂತ್ರಶಾಸ್ತ್ರದ ಪದಗಳು ಒತ್ತೊತ್ತಾಗಿ ಬಂದಲ್ಲಿ ಅಕ್ಷರ ತಪ್ಪೀತೆಂಬ ಭಯದಲ್ಲಿ ಗಾಯಕ ಪುಸ್ತಕದಿಂದ ಕಣ್ಣೆತ್ತುವುದಿಲ್ಲ. ಆದರೆ ಅಠಾಣ, ಗಂಭೀರನಾಟ, ‘ಚಿಂತಯಾಮಿ ಜಗದಂಬಾ’ದ ಹಿಂದೋಳ, ಇಂಥ ತುಂಬು ವ್ಯಕ್ತಿತ್ವದ ರಾಗ ಸಿಕ್ಕಾಗ ಅದೇ ದಟ್ಟಣೆ ಗಾಂಭೀರ್ಯವಾಗಿ ಮಾರ್ಪಡುತ್ತದೆ. ಇಂಥ ಹತ್ತು ಹನ್ನೆರಡು ಕೃತಿ ಬಿಟ್ಟುಹೋದವರನ್ನು ಯಾವ ಪರಂಪರೆಯೂ ದೊಡ್ಡ ವಾಗ್ಗೇಯಕಾರರೆಂದೇ ಕರೆಯುತ್ತದೆ.

ಮತ್ತೆ ಸಭೆಗಳಲ್ಲಿ ಇವು ವಿರಳವೇಕೆ? ಕರ್ನಾಟಕ ಸಂಗೀತದಲ್ಲಿ ಕೃತಿ ಬದುಕುವುದು ಶಿಷ್ಯರ ಬಾಯಲ್ಲಿ. ತ್ಯಾಗರಾಜರಿಗೆ ವಾಲಾಜಪೇಟೆ, ಉಮಯಾಳಪುರದ ಶಿಷ್ಯರಿದ್ದರು. ದೀಕ್ಷಿತರಿಗೆ ಶಿಷ್ಯರಾಗಿ ತಂಜಾವೂರಿನ ಸಹೋದರರಿದ್ದರು. ದೊರೆ ವೇದಿಕೆ ಹತ್ತಿ ತಂಬೂರಿ ಹಿಡಿದು ಹಾಡುವಂತಿಲ್ಲ, ಜಗುಲಿಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುವಂತೆಯೂ ಇಲ್ಲ. ಆಸ್ಥಾನ ವಿದ್ವಾಂಸರ ಕಂಠದಲ್ಲಿ ಇವು ಉಳಿದವು, ಆಸ್ಥಾನ ಕರಗಿದಾಗ ವಿದ್ವಾಂಸರು ಚದುರಿದರು. ವಾಸುದೇವಾಚಾರ್ಯರೇ ಇಳಿವಯಸ್ಸಿನಲ್ಲಿ ಮದ್ರಾಸಿನ ಕಲಾಕ್ಷೇತ್ರಕ್ಕೆ ಹೊರಟರು. ಒಡೆಯರ್ ರಾಜಪ್ರಮುಖರಾದರು, 1956ರಿಂದ ಹೊಸ ಮೈಸೂರು ರಾಜ್ಯದ ರಾಜ್ಯಪಾಲರಾದರು, ಆಮೇಲೆ ಮದ್ರಾಸಿಗೂ ರಾಜ್ಯಪಾಲರಾಗಿ ಹೋದರು. ಬರವಣಿಗೆ ತತ್ತ್ವಶಾಸ್ತ್ರದ ಕಡೆ ಹೊರಳಿತು. 1966ರಲ್ಲಿ ಸಂಗೀತ ನಾಟಕ ಅಕಾಡೆಮಿ ತನ್ನ ಫೆಲೋಶಿಪ್ ಕೊಟ್ಟು ಗೌರವಿಸಿತು. 1974ರ ಸೆಪ್ಟೆಂಬರ್ 23ರಂದು, ಬೆಂಗಳೂರು ಅರಮನೆಯಲ್ಲಿ ಕಣ್ಣು ಮುಚ್ಚಿದಾಗ ಅವರಿಗಿನ್ನೂ 55. ಕೃತಿಗಳು ಸ್ವರಲಿಪಿ ಸಮೇತ ಪುಸ್ತಕವಾಗಿ ಎಲ್ಲರ ಕೈಗೆ ಸಿಗುವ ಹೊತ್ತಿಗೆ ಅವನ್ನು ಕೇಳಿ ಬೆಳೆದ ತಲೆಮಾರು ಬಹುಮಟ್ಟಿಗೆ ಸಂದುಹೋಗಿತ್ತು. ಮೈಸೂರಿನ ವಿದುಷಿ ಸುಕನ್ಯಾ ಪ್ರಭಾಕರ್ ಅವರಂಥ ಕೆಲವರು ಸಂಶೋಧನೆ ಮಾಡಿ, ಹಾಡಿ, ಕಲಿಸಿ ಇವನ್ನು ಉಳಿಸಿದ್ದಾರೆ.

ಬೆಂಗಳೂರಿನಲ್ಲಿ ಈ ಕಥೆಗೆ ನೇರ ವಿರುದ್ಧ ದಿಕ್ಕಿನ ಮಾದರಿಯೂ ಇದೆ. ಪಿಟೀಲು ವಾದಕ ಎಲ್. ಸುಬ್ರಹ್ಮಣ್ಯಂ ಇಲ್ಲಿಯ ನಿವಾಸಿ. ವೈದ್ಯ ಪದವಿ ಪಡೆದು, ಕ್ಯಾಲಿಫೋರ್ನಿಯಾದಲ್ಲಿ ಪಾಶ್ಚಾತ್ಯ ಸಂಗೀತದ ಸ್ನಾತಕೋತ್ತರ ಓದು ಮುಗಿಸಿ, ಕರ್ನಾಟಕ ಪಿಟೀಲನ್ನೂ ಸಿಂಫನಿ ವಾದ್ಯವೃಂದವನ್ನೂ ಒಂದೇ ರಚನೆಯಲ್ಲಿ ಕೂರಿಸುವುದನ್ನೇ ಜೀವನದ ಕೆಲಸ ಮಾಡಿಕೊಂಡವರು. 1985ರಲ್ಲಿ ಅವರ ‘ಫ್ಯಾಂಟಸಿ ಆನ್ ವೇದಿಕ್ ಚಾಂಟ್ಸ್’ ಅನ್ನು ಜುಬಿನ್ ಮೆಹ್ತಾ ನಿರ್ದೇಶನದಲ್ಲಿ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ನುಡಿಸಿತು. 2025ರಲ್ಲಿ ಪದ್ಮವಿಭೂಷಣ ಬಂತು. ಒಡೆಯರ್ ದಾಟದ ಗಡಿಯನ್ನು ಇವರು ದಾಟಿದರು, ದಾಟಿದ ಮೇಲೂ ರಾಗದ ಗುರುತು ಅಳಿಸದಂತೆ ನೋಡಿಕೊಂಡರು. ಇವೆರಡರಲ್ಲಿ ಯಾವುದು ಸರಿ ಎಂದು ಕೇಳುವುದು ಹುಡುಗಾಟ. ಆದರೆ ಬೆರೆಸಿದ್ದೇ ಹೊಸತನ, ಬೆರೆಸದಿದ್ದರೆ ಮಡಿವಂತಿಕೆ ಎಂದು ಇವತ್ತಿನ ಫ್ಯೂಷನ್ ಮಂದಿ ಹೇಳುವಾಗ ಒಡೆಯರ ಕಪಾಟನ್ನು ತೋರಿಸಬೇಕು ಅನ್ನಿಸುತ್ತದೆ. ಬಲಾಕಿರೆವ್‌ನಿಂದ ಸ್ಟ್ರಾಸ್‌ವರೆಗೆ ಕೇಳಿ ಮುಗಿಸಿದ ಕಿವಿಯನ್ನು ಮಡಿವಂತ ಎನ್ನುವುದು ಕಷ್ಟ.

ದಂಡಿನ ಕಡೆಯ ಸಂಘಟಕರ ಮುಂದೆ ನನ್ನದೊಂದು ಅಹವಾಲು. ಇಂದಿರಾನಗರದ ಪುರಂದರ ಭವನದಲ್ಲಿ ವರ್ಷವಿಡೀ ಕಚೇರಿ ನಡೆಯುತ್ತದೆ. ಅಲ್ಲಿಂದ ಐದಾರು ಕಿಲೋಮೀಟರಿನೊಳಗೆ ಚರ್ಚುಗಳಲ್ಲಿ, ಶಾಲೆಗಳಲ್ಲಿ ಒಳ್ಳೆಯ ಪಿಯಾನೋಗಳಿವೆ, ನುಡಿಸುವ ಮಕ್ಕಳಿದ್ದಾರೆ. ಒಡೆಯರು ಹುಟ್ಟಿದ ಜುಲೈ 18ರ ಒಂದು ಸಂಜೆ ಮೊದಲ ಮುಕ್ಕಾಲು ಗಂಟೆ ಮೆಟ್ನರ್‌ನ ಒಂದು ಸೊನಾಟಾ ಇಡಿ, ಒಂದೆರಡು ಸಣ್ಣ ತುಣುಕು ಸೇರಿಸಿ. ಕಾಫಿ ಕೊಡಿ. ಆಮೇಲೆ ಪಿಯಾನೋ ಮುಚ್ಚಿ, ಜಮಖಾನ ಹಾಸಿ, ಅಠಾಣದಿಂದ ಶುರುಮಾಡಿ ಗಂಭೀರನಾಟ, ಹಿಂದೋಳ ದಾಟಿ ಮಾಂಡ್‌ವರೆಗೆ ಹಾಡಿಸಿ. ನಡುವೆ ಯಾರೂ ಹಾಡದ ಎರಡು ರಾಗದ ಕೃತಿಗಳನ್ನೂ ತೂರಿಸಿ, ತೂಗಿ ನೋಡುವ ಅವಕಾಶ ಕೇಳುಗರಿಗೂ ಇರಲಿ. ಕೊನೆಗೆ ಪಿಯಾನೋದವರನ್ನೂ ಮೃದಂಗದವರನ್ನೂ ಒಟ್ಟಿಗೆ ಕೂರಿಸಿ ಜುಗಲ್‌ಬಂದಿ ಮಾಡಿಸೋಣ ಎಂದು ಸಮಿತಿಯಲ್ಲಿ ಯಾರಾದರೂ ಎದ್ದೇ ಏಳುತ್ತಾರೆ. ಅವರಿಗೆ ಎರಡನೇ ಲೋಟ ಕಾಫಿ ಕೊಟ್ಟು ಕೂರಿಸಿ.